ನನ್ನನ್ನು ಬೈಯುವ ಹಾಡು

ಹದಿನೈದು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೇನೆ. ಆದರೂ ಪುಸ್ತಕ ತೆರೆಯದೆ, ಎಲ್ಲೂ ತಡವರಿಸದೆ, ಮೊದಲಿನಿಂದ ಕೊನೆಯವರೆಗೆ ನನ್ನ ಬಾಯಿಗೆ ಬರುವುದು ಒಂದೇ ಒಂದು ಹಾಡು. ಅದು ಪಠ್ಯದಲ್ಲಿಲ್ಲ, ಇರಬಾರದು ಕೂಡ. ಅದು ಸಿನಿಮಾ ಹಾಡು, ಮತ್ತು ಅದು ನನ್ನನ್ನು ಬೈಯುವ ಹಾಡು. ನನ್ನನ್ನು ಎಂದರೆ ನನ್ನೊಬ್ಬಳನ್ನೇ ಅಲ್ಲ, ಹೆಣ್ಣೆಂದು ಹುಟ್ಟಿದ ಎಲ್ಲರನ್ನೂ. ಪ್ರೇಯಸಿ ಕೈಕೊಟ್ಟ ಸಿಟ್ಟಿಗೆ ನಾಯಕ ಹಾಡುತ್ತಾನೆ. ಮೊದಲ ಚರಣದಲ್ಲಿ ಹೆಣ್ಣಿನ ಕಣ್ಣು ಮೀನಿನ ಗಾಳ. ಎರಡನೆಯದರಲ್ಲಿ ಅವಳು ಆಡುವುದೆಲ್ಲ ಸುಳ್ಳು. ಮೂರನೆಯದಕ್ಕೆ ಬರುವ ಹೊತ್ತಿಗೆ ಸೀರೆ ಕೊಡಿಸಿದರೆ ಪ್ರೀತಿ, ಇಲ್ಲದಿದ್ದರೆ ಇಲ್ಲ. ಇಷ್ಟೆಲ್ಲ ಅನ್ನಿಸಿಕೊಂಡೂ ಆ ಹಾಡು ಶುರುವಾಯಿತೆಂದರೆ ನನ್ನ ಬಲಗಾಲಿನ ಹೆಬ್ಬೆರಳು ನನ್ನ ಅಪ್ಪಣೆ ಕೇಳದೆ ಕುಣಿಯುತ್ತದೆ.

ಈ ಹಾಡು ನನಗೆ ಗಂಟುಬಿದ್ದದ್ದು ಹೊಸನಗರದಲ್ಲಿ, ಎಪ್ಪತ್ತರ ದಶಕದ ಕೊನೆಯಲ್ಲಿ. ಬಯಲುಸೀಮೆಯಿಂದ ವರ್ಗವಾಗಿ ಬಂದ ನನಗೆ ಸೀತಮ್ಮ ಎಂಬುವರು ತಮ್ಮ ಮನೆಯ ಬೀದಿ ಬದಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟರು. ಒಂದು ಕಿಟಕಿ, ಒಂದು ಸ್ಟೌ, ಒಂದು ಚಾಪೆ. ಬರುವಾಗ ಪೇಟೆಯಲ್ಲಿ ಎರಡು ಸ್ಟೀಲ್ ಲೋಟ ಕೊಂಡಿದ್ದೆ, ಯಾರಾದರೂ ಬಂದರೆ ಇರಲಿ ಎಂದು. ಮೂರು ತಿಂಗಳು ಕಾದು, ಎರಡನೆಯದಕ್ಕೆ ಸಕ್ಕರೆ ತುಂಬಿ ಮುಚ್ಚಿಟ್ಟೆ.

ಜನ ಕೆಟ್ಟವರಾಗಿರಲಿಲ್ಲ. ಕಷ್ಟ ಅದೇ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವರೆಲ್ಲ ನನಗೆ ವಿಪರೀತ ಗೌರವ ಕೊಡುತ್ತಿದ್ದರು. ಸೀತಮ್ಮನ ಜಗುಲಿಯಲ್ಲಿ ಹೆಂಗಸರು ಹಪ್ಪಳ ಒತ್ತುತ್ತಾ ಜೋರಾಗಿ ನಗುತ್ತಿರುತ್ತಿದ್ದರು. ನಾನು ಬಾಗಿಲಲ್ಲಿ ಕಾಣಿಸಿಕೊಂಡೊಡನೆ ನಗು ನಿಲ್ಲುತ್ತಿತ್ತು. "ಟೀಚ್ರು ಬಂದ್ರು, ಕುರ್ಚಿ ತಗಂಡ್ ಬಾರೆ" ಎಂದು ಸೀತಮ್ಮ ಮಗಳು ಶಾರದೆಗೆ ಹೇಳುತ್ತಿದ್ದರು. ಅವರೆಲ್ಲ ಚಾಪೆಯ ಮೇಲೆ, ನಾನು ಕುರ್ಚಿಯ ಮೇಲೆ. ಮೇಲಿನಿಂದ ನೋಡಿದರೆ ಕಾಣುವುದು ತಲೆಯ ಬೈತಲೆ ಮಾತ್ರ. ಅವರು ಮಳೆಯ ವಿಚಾರ ಕೇಳುತ್ತಿದ್ದರು, ನಾನು ಮಳೆಯ ವಿಚಾರ ಹೇಳುತ್ತಿದ್ದೆ. ಎದ್ದು ಕೋಣೆಗೆ ಬಂದ ಮೇಲೆ ಮತ್ತೆ ನಗು ಕೇಳಿಸುತ್ತಿತ್ತು. ಆ ಚಾಪೆಯ ಮೇಲೆ ಒಂದು ಗೇಣು ಜಾಗಕ್ಕಾಗಿ ನಾನು ಆಗ ಏನು ಬೇಕಾದರೂ ಕೊಡುತ್ತಿದ್ದೆ. ಕೊಟ್ಟೆ ಕೂಡ, ಅದನ್ನೇ ಹೇಳಲು ಹೊರಟಿದ್ದೇನೆ.

ನನ್ನ ಕಿಟಕಿಯ ಎದುರಿಗೇ ಮಂಜಪ್ಪನ ಸೌಂಡ್ ಸರ್ವಿಸ್. ಮದುವೆ ಮುಂಜಿಗಳಿಗೆ ಮೈಕು, ಹಾರನ್, ಮಡಚುವ ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ. ಮಂಜಪ್ಪ ದಿನಾ ಸಂಜೆ ಐದಕ್ಕೆ ಹಾರನ್ ಸರಿಯಿದೆಯೋ ಇಲ್ಲವೋ ಎಂದು ಒಂದು ರೆಕಾರ್ಡು ಹಾಕಿ ನೋಡುತ್ತಿದ್ದ. ಅದು ಇದೇ ಹಾಡು. ಮೊದಲು ಬರೀ ಡೋಲು, ನಾಲ್ಕು ಏಟು, ಆಮೇಲೆ ಕ್ಲಾರಿಯೊನೆಟ್, ಆಮೇಲೆ ನಮ್ಮ ಮೇಲೆ ಬೈಗುಳ. ನಾನು ಸ್ಕೂಲಿನಿಂದ ಬಂದು ಕಾಫಿಗೆ ಹಾಲಿಡುವ ಹೊತ್ತೂ ಅದೇ. ಇಡೀ ದಿನದಲ್ಲಿ ನನ್ನ ಕೋಣೆಗೆ ತಪ್ಪದೆ ಬರುತ್ತಿದ್ದ ಅತಿಥಿ ಅದೊಂದೇ. ಕಿಟಕಿಯ ಸರಳು ಹಿಡಿದು ನಿಂತು ಕೇಳುತ್ತಿದ್ದೆ. ಹಾಲು ಎಷ್ಟು ಸಲ ಉಕ್ಕಿತೋ ಲೆಕ್ಕವಿಲ್ಲ.

ಇದು ನನ್ನೊಬ್ಬಳ ಹುಚ್ಚೂ ಆಗಿರಲಿಲ್ಲ. ನೀರು ಸೇದುವವರು ಅದನ್ನೇ ಗುನುಗುತ್ತಿದ್ದರು. ಪಕ್ಕದ ಮನೆಯ ಬಾಣಂತಿ ಹೆಣ್ಣುಕೂಸನ್ನು ತೊಟ್ಟಿಲಲ್ಲಿ ತೂಗುತ್ತಾ ಅದನ್ನೇ ಹಾಡಿ ಮಲಗಿಸುತ್ತಿದ್ದಳು. ನಿನ್ನ ಕಣ್ಣು ಗಾಳ, ನಿನ್ನ ಮಾತು ಸುಳ್ಳು ಎಂದು ಕೇಳುತ್ತಾ ಆ ಕೂಸು ಹಾಯಾಗಿ ನಿದ್ದೆ ಹೋಗುತ್ತಿತ್ತು. ನಾನು ಓದಿದವಳಾದ್ದರಿಂದ ನನಗೆ ನಾನೇ ಒಂದು ಸಮಾಧಾನ ಹುಡುಕಿಕೊಂಡಿದ್ದೆ. ನಮ್ಮ ಸಾಹಿತ್ಯದಲ್ಲಿ ನಿಂದಾಸ್ತುತಿ ಎಂಬುದಿದೆ. ಭಕ್ತರು ದೇವರನ್ನು ಕಳ್ಳ, ಭಿಕಾರಿ, ಕಲ್ಲೆದೆಯವ ಎಂದು ಬಾಯಿಗೆ ಬಂದಂತೆ ಬೈದಿದ್ದಾರೆ, ದೇವರು ತಲೆದೂಗಿದ್ದಾನೆ. ದೇವರಿಗೆ ಬಾರದ ಕೋಪ ನನಗೇಕೆ ಎಂದುಕೊಂಡು ಡಿಕಾಕ್ಷನ್ ಸೋಸುತ್ತಿದ್ದೆ.

ಹೀಗಿದ್ದವಳು ಒಂದು ಗುರುವಾರ, ಜಗುಲಿಯ ಆ ಹೆಂಗಸರೆಲ್ಲ ಸೇರುವ ಮಹಿಳಾ ಮಂಡಳಿಯಲ್ಲಿ ಆ ಹಾಡಿನ ವಿರುದ್ಧ ಭಾಷಣ ಮಾಡಿದೆ.

ಏಕೆ ಮಾಡಿದೆ ಎಂದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಅವರು ನನ್ನನ್ನು ತಮ್ಮವಳೆಂದು ಕಾಣಲಿ ಎಂಬ ಆಸೆಯಿಂದ. ನಮ್ಮೆಲ್ಲರಿಗೂ ಒಬ್ಬ ಸಾಮಾನ್ಯ ಶತ್ರು ಸಿಕ್ಕಿದರೆ ನಾವೆಲ್ಲ ಒಂದಾಗುತ್ತೇವೆ ಎಂದು ಲೆಕ್ಕ ಹಾಕಿದ್ದೆ. ನನ್ನ ಬಳಿ ಒಪ್ಪಿಸಲು ಇದ್ದ ಶತ್ರು ಅದೊಂದೇ. "ಸ್ತ್ರೀಕುಲಕ್ಕೆ ಅಪಮಾನಕರವಾದ ಸದರಿ ಗೀತೆಯ ಪ್ರಸಾರವನ್ನು ಕೂಡಲೇ ನಿಲ್ಲಿಸತಕ್ಕದ್ದು" ಎಂದು ಅರ್ಜಿಯನ್ನೂ ಬರೆದೆ. ಚಪ್ಪಾಳೆ ಬಿತ್ತು. ಎಲ್ಲರೂ ಸಾಲಾಗಿ ಬಂದು ಸಹಿ ಹಾಕಿದರು. ಸರದಿಗೆ ಕಾಯುತ್ತಾ ಒಬ್ಬಾಕೆ ಆ ಹಾಡನ್ನೇ ಗುನುಗುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಕೇಳಿಸದವಳಂತೆ ಇದ್ದೆ.

ಮಂಜಪ್ಪ ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದ. "ಅಯ್ಯೋ, ಮಾತು ಹಿಂಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮೇಡಂ. ಡೋಲು ಚೆನ್ನಾಗಿದೆ ಅಂತ ಹಾಕ್ತಿದ್ದೆ. ನಾಳೆಯಿಂದ ಹಾಕಲ್ಲ" ಎಂದ. ಅಷ್ಟು ಸುಲಭವಾಗಿ ಗೆಲ್ಲುತ್ತೇನೆಂದು ನಾನು ಎಣಿಸಿರಲಿಲ್ಲ. ಅವನು ಸ್ವಲ್ಪ ಹಟ ಮಾಡಬೇಕಿತ್ತು.

ಮರುದಿನ ಐದಕ್ಕೆ ಹಾಲಿಟ್ಟು ಕಿಟಕಿಗೆ ಬಂದೆ. ಹಾರನ್ನಿನಿಂದ ಮಂಜಪ್ಪನ ದನಿ ಬಂತು: "ಹಲೋ, ಹಲೋ, ಒಂದು, ಎರಡು, ಮೂರು." ಅಷ್ಟೇ. ಅದರ ಮರುದಿನವೂ ಒಂದು, ಎರಡು, ಮೂರು. ನಾಲ್ಕಾದರೂ ಬಂದೀತೇ ಎಂದು ನಾನು ಸರಳು ಹಿಡಿದು ನಿಲ್ಲುತ್ತಿದ್ದೆ, ಬರುತ್ತಿರಲಿಲ್ಲ. ಹಿಂದೆ ಹಾಡಿಗೆ ಉಕ್ಕುತ್ತಿದ್ದ ಹಾಲು ಈಗ ಹಾಡು ಬಾರದ್ದಕ್ಕೆ ಉಕ್ಕಿತು. ಹೋಗಲಿ, ಚಾಪೆಯ ಮೇಲೆ ಜಾಗವಾದರೂ ಸಿಕ್ಕಿತೇ? ಅದೂ ಇಲ್ಲ. ಅರ್ಜಿಯ ನಂತರ ನನ್ನ ಮೇಲಿನ ಗೌರವ ಇನ್ನೂ ಏರಿತು. ಸೀತಮ್ಮ ಕುರ್ಚಿಯ ಮೇಲೆ ಒಂದು ದಿಂಬು ಹಾಕಿಸಿದರು. ಆಮೇಲಿನ ಎರಡು ತಿಂಗಳಲ್ಲಿದ್ದಷ್ಟು ಒಂಟಿಯಾಗಿ ನಾನು ಹಿಂದೆಂದೂ ಇರಲಿಲ್ಲ. ಭಾನುವಾರ ಯಾರೊಡನೆಯೂ ಮಾತಿಲ್ಲದೆ ಕಳೆದರೆ, ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳುತ್ತಿತ್ತು.

ಆ ಬೇಸಗೆಯಲ್ಲಿ ಶಾರದೆಯ ಮದುವೆ. ಗಂಡಿನ ಕಡೆಯವರು ತೀರ್ಥಹಳ್ಳಿಯವರು. ಮನೆಯ ಮುಂದಿನ ಚಪ್ಪರದಲ್ಲಿ ಊಟಕ್ಕೆ ಎಲೆ ಹಾಕಿದ ಮೇಲೆ ಬೀಗರ ಹಾಡು ಶುರುವಾಯಿತು. ಎರಡೂ ಕಡೆಯ ಹೆಂಗಸರು ಎದುರುಬದುರು ಚಾಪೆ ಹಾಸಿ ಕೂತು ಪದ ಕಟ್ಟಿ ಒಬ್ಬರನ್ನೊಬ್ಬರು ಜರೆಯುವುದು ಅಲ್ಲಿಯ ವಾಡಿಕೆ. ಗಂಡಿನ ತಾಯಿ ಲಾಡು ತಿಂದ ಲೆಕ್ಕ, ಹೆಣ್ಣಿನ ಸೋದರತ್ತೆ ಗೊರಕೆ ಹೊಡೆದ ರೀತಿ, ಒಬ್ಬರ ಮೂಗು, ಇನ್ನೊಬ್ಬರ ನಡಿಗೆ, ಯಾವುದನ್ನೂ ಬಿಡುವುದಿಲ್ಲ. ಸಿನಿಮಾ ಹಾಡು ಇದರ ಮುಂದೆ ಭಜನೆ. ಬೈಸಿಕೊಂಡವರು ಹೊಟ್ಟೆ ಹಿಡಿದು ನಗುತ್ತಿದ್ದರು. ಸಿಟ್ಟಾದವರು ಒಬ್ಬರೇ, ಗಂಡಿನ ಚಿಕ್ಕಮ್ಮ. ಆಕೆ ಎದ್ದು ನಿಂತು, "ಎಲ್ಲಾರ್ನೂ ಬೈದ್ರಿ, ನಂದೆಲ್ಲಿ ಪದ? ನಾನೆಂತ ಮದ್ವೆಗೆ ಬಂದಿಲ್ವಾ?" ಎಂದು ಕಣ್ಣಲ್ಲಿ ನೀರು ತುಂಬಿಕೊಂಡರು. ತಕ್ಷಣ ಹೆಣ್ಣಿನ ಕಡೆಯವರು ಆಕೆಯ ತುರುಬಿನ ಮೇಲೆ ಒಂದು ಪದ ಕಟ್ಟಿ ಸಮಾಧಾನ ಮಾಡಿದರು.

ನಾನು ಮಂಜಪ್ಪನ ಮಡಚುವ ಕುರ್ಚಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದೆ. ಆ ಚಿಕ್ಕಮ್ಮನ ಸಂಕಟ ನನಗೆ ಚೆನ್ನಾಗಿ ಅರ್ಥವಾಯಿತು. ಎಷ್ಟೋ ಮದುವೆಗಳಲ್ಲಿ ಉಂಡಿದ್ದೆ. ನನ್ನ ಮೇಲೆ ಯಾರೂ ಪದ ಕಟ್ಟಿರಲಿಲ್ಲ. ನಾನು ಯಾರಿಗೂ ಬೀಗಿತಿಯಲ್ಲವಲ್ಲ.

ಅಷ್ಟರಲ್ಲಿ ಗಂಡಿನ ಕಡೆಯ ಹಾಡುಗಾರ್ತಿ, ಎಲೆಯಡಿಕೆ ಮೆಲ್ಲುತ್ತಿದ್ದ ಒಬ್ಬ ಮುದುಕಿ, ನನ್ನತ್ತ ಗಲ್ಲ ತೋರಿಸಿ, "ಅಲ್ಲಿ ಮೇಲ್ ಕೂತೋರು ಯಾರು?" ಎಂದರು.

"ಅವ್ರು ನಮ್ ಮನೆಯೋರೇ" ಎಂದರು ಸೀತಮ್ಮ. ಹೇಳಿ ಸುಮ್ಮನಾಗಲಿಲ್ಲ. ಎದ್ದು ಶತ್ರುಪಕ್ಷದ ಚಾಪೆಗೇ ಹೋಗಿ ಮುದುಕಿಯ ಕಿವಿಯಲ್ಲಿ ಏನೋ ಊದಿದರು. ಮುದುಕಿ ಎಲೆಯಡಿಕೆ ಉಗಿದು ಬಂದು ದನಿ ತೆಗೆದರು:

ಕುರ್ಚಿ ಬಿಟ್ಟು ಇಳಿಯದ ಬೀಗಿತಿ
ಕಾಗ್ದ ಬರ್ದು ಹಾಡು ನಿಲ್ಸಿದ್ಲು
ಕಿಟ್ಕಿ ಹಿಡ್ದು ಕಿವಿ ಕೊಟ್ಕಂಡು
ಒಲೆಯ ಮೇಲಿನ ಹಾಲು ಉಕ್ಸಿದ್ಲು!

ಚಪ್ಪರ ಹಾರಿಹೋಗುವಂತೆ ನಗು. ನನ್ನ ಮುಖ ಕಾದ ಹೆಂಚಾಯಿತು. ಗೋಡೆಯ ಆಚೆಯಿಂದ ಸೀತಮ್ಮನಿಗೆ ಎಲ್ಲವೂ ಗೊತ್ತಿತ್ತು. ಸೀದ ಹಾಲಿನ ವಾಸನೆ ಗೋಡೆಯನ್ನು ಕೇಳಿ ಹೋಗುವುದಿಲ್ಲವಲ್ಲ. ಇಷ್ಟು ದಿನ ನನ್ನನ್ನು ಯಾರೂ ಗಮನಿಸಿಲ್ಲವೆಂದು ನಾನು ಕೊರಗುತ್ತಿದ್ದಾಗ, ಒಬ್ಬರು ನನ್ನ ಹಾಲು ಉಕ್ಕಿದ್ದನ್ನು ಎಣಿಸುತ್ತಿದ್ದರು. ಅಳು ಬಂತು. ಮದುವೆಮನೆಯ ಹೊಗೆಯ ಮೇಲೆ ಹಾಕಿ ಕಣ್ಣೊರೆಸಿಕೊಂಡೆ.

"ಉತ್ರ ಕೊಡಿ ಟೀಚ್ರೇ! ನಮ್ ಕಡೆ ಮರ್ಯಾದೆ ಹೋಗ್ತದೆ!" ಎಂದು ನಮ್ಮವರು ಕೂಗಿದರು. ನಮ್ಮವರು ಎಂದು ಮೊದಲ ಬಾರಿಗೆ ಬರೆಯುತ್ತಿದ್ದೇನೆ, ಗಮನಿಸಿ. ಛಂದಸ್ಸು ಅಲಂಕಾರ ಎಲ್ಲ ಪಾಠ ಹೇಳುವವಳಿಗೆ ನಾಲ್ಕು ಸಾಲು ಹೊಳೆಯಲಿಲ್ಲ. ಬಾಯಿಗೆ ಬರುವ ಹಾಡು ಒಂದೇ ಎಂದು ಮೊದಲೇ ಹೇಳಿದ್ದೇನಲ್ಲ, ಕಣ್ಣು ಮುಚ್ಚಿ ಅದನ್ನೇ ಎತ್ತಿದೆ. ಮೊದಲ ಸಾಲು ಒಬ್ಬಳೇ ಹಾಡಿದೆ. ಎರಡನೆಯ ಸಾಲಿಗೆ ಸೀತಮ್ಮ ಸೇರಿದರು. ಗಾಳದ ಚರಣಕ್ಕೆ ಬರುವಷ್ಟರಲ್ಲಿ ಅರ್ಜಿಗೆ ಸಹಿ ಹಾಕಿದವರೆಲ್ಲ, ಮಂಡಳಿಯ ಅಧ್ಯಕ್ಷೆಯೂ ಸೇರಿ, ಒಂದಕ್ಷರ ತಪ್ಪದೆ ಹಾಡುತ್ತಿದ್ದರು. ಡೋಲಿನ ಬದಲು ತಾಂಬಾಳ ಬಡಿದರು. ಯಾರೋ ನನ್ನ ಕೈ ಹಿಡಿದು ಜಗ್ಗಿದರು. ಹಾಡು ಮುಗಿಯುವಾಗ ನಾನು ಚಾಪೆಯ ಮೇಲಿದ್ದೆ. ಕುರ್ಚಿಯನ್ನು ಮಂಜಪ್ಪ ಮಡಚಿ ಒಯ್ದ. ಮದುವೆ ಮುಗಿದ ಮೇಲಿನ ಸೋಮವಾರ ಐದಕ್ಕೆ ಡೋಲಿನ ನಾಲ್ಕು ಏಟು ಮತ್ತೆ ಕೇಳಿಸಿತು. ಅರ್ಜಿಯನ್ನು ಯಾರೂ ವಾಪಸು ಪಡೆಯಲಿಲ್ಲ, ಅದರ ಬಗ್ಗೆ ಯಾರೂ ಕೇಳಲೂ ಇಲ್ಲ.

ಈಗ ನಾನು ಸಾಗರದಲ್ಲಿದ್ದೇನೆ. ವರ್ಗವಾಗಿ ನಾಲ್ಕು ವರ್ಷವಾಯಿತು. ಇಲ್ಲಿ ಬಸ್ಸು, ಹೋಟೆಲು ಎಲ್ಲ ಕಡೆ ಟೇಪ್‌ರೆಕಾರ್ಡರ್. ಕ್ಯಾಸೆಟ್ಟಿನ ಹಾಡುಗಳ ಮಾತು ಹಳೆಯದಕ್ಕಿಂತ ಹೀನ, ತಾಳ ಹಳೆಯದಕ್ಕಿಂತ ಚುರುಕು. ಹೆಬ್ಬೆರಳು ಈಗಲೂ ಕುಣಿಯುತ್ತದೆ, ನಾನು ಈಗಲೂ ನಾಚುತ್ತೇನೆ. ನಿಂದಾಸ್ತುತಿಯ ಸಮಾಧಾನವನ್ನು ಮಾತ್ರ ಕೈಬಿಟ್ಟಿದ್ದೇನೆ. ಭಕ್ತನಿಗೆ ತಾನು ಬೈಯುವ ದೇವರ ಗುಟ್ಟೆಲ್ಲ ಗೊತ್ತು; ಆ ಮುದುಕಿಗೆ ನನ್ನ ಹಾಲಿನ ಗುಟ್ಟು ಗೊತ್ತಿತ್ತು. ಸಿನಿಮಾ ನಾಯಕನಿಗೆ ನನ್ನ ಗುರುತೇ ಇಲ್ಲ. ಅವನ ಡೋಲು ನನಗೆ ಬೇಕು, ಅವನ ಮಾತು ಬೇಡ; ಆದರೆ ಅವನು ಅವೆರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸುತ್ತಾನೆ, ಏನು ಮಾಡಲಿ? ಈ ಊರಿನಲ್ಲೂ ನನಗೆ ತುಂಬ ಗೌರವ. ಹೋದಲ್ಲೆಲ್ಲ ಕುರ್ಚಿ ಕೊಡುತ್ತಾರೆ. ಹಾಲು ಉಕ್ಕಿದರೆ ನಾನೇ ಒರೆಸಿಕೊಳ್ಳುತ್ತೇನೆ, ಯಾರಿಗೂ ತಿಳಿಯುವುದಿಲ್ಲ.

ಮೊನ್ನೆ ಸೀತಮ್ಮನಿಂದ ಲಗ್ನಪತ್ರಿಕೆ ಬಂತು, ಕಿರಿಯ ಮಗಳ ಮದುವೆ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು: "ನಮ್ ಕಡೆ ಬೈಸ್ಕಣಕ್ಕೆ ಜನ ಕಮ್ಮಿ ಆಗಿದಾರೆ. ಎರಡು ದಿನ ಮೊದ್ಲೇ ಬನ್ನಿ."

ರಜೆಗೆ ಬರೆದು ಕೊಟ್ಟಿದ್ದೇನೆ. ಸೀತಮ್ಮನಿಗೂ ಒಂದು ಕಾರ್ಡು ಹಾಕಿದೆ. ರಜೆಯ ಅರ್ಜಿಗಳನ್ನು ಬಿಟ್ಟರೆ ನನ್ನ ಬದುಕಿನಲ್ಲಿ ನಾನು ಬರೆದ ಎರಡನೆಯ ಅರ್ಜಿ ಅದು, ಮೊದಲನೆಯದಕ್ಕಿಂತ ಬಹಳ ಚಿಕ್ಕದು: "ಬರುತ್ತೇನೆ. ಕುರ್ಚಿ ಇಡಬೇಡಿ."