ನಾನು ತಿದ್ದಿದ ಮೆಟ್ಟಿಲು

“ಇದರಲ್ಲಿ ಒಂದು ಮೆಟ್ಟಿಲು ಎತ್ತರ ಇರಬೇಕಲ್ಲಮ್ಮ?” ಮನೆಗೆ ಬಂದಿದ್ದ ಗೆಳತಿಯ ಅತ್ತೆ ಸರಸ್ವತಿ ಆಂಟಿ ನನ್ನ ಲ್ಯಾಪ್‌ಟಾಪಿನಲ್ಲಿದ್ದ ಮೆಟ್ಟಿಲುಗಳನ್ನು ನೋಡಿ ಕೇಳಿದರು.

ಅಮೆರಿಕದ ಕಲ್ವರ್ ಸಿಟಿಯ ಸ್ಟುಡಿಯೋ ಒಂದರ ಸಿನಿಮಾಕ್ಕಾಗಿ ನಾನು ಸ್ಕಾಟ್ಲೆಂಡಿನ ನಾನೂರು ವರ್ಷದ ಕಲ್ಲಿನ ಮನೆಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದೆ. ಅಲ್ಲಿಂದ ಬಂದ ಅಳತೆಗಳ ಪ್ರಕಾರ ಸುರುಳಿ ಮೆಟ್ಟಿಲುಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ ನಾಲ್ಕು ಬೆರಳಿನಷ್ಟು ಹೆಚ್ಚು ಎತ್ತರವಿತ್ತು. ಅಳತೆ ತಪ್ಪಿರಬೇಕೆಂದು ಒಂದೇ ಕ್ಲಿಕ್ಕಿಗೆ ಉಳಿದವುಗಳ ಸಮಕ್ಕೆ ಇಳಿಸಿದ್ದೆ.

ಆಂಟಿ ಸ್ಕಾಟ್ಲೆಂಡಿನಲ್ಲಿದ್ದಾಗ ಪ್ರವಾಸಿಗರಿಗೆ ಇಂಥ ಮನೆಗಳನ್ನೇ ತೋರಿಸುತ್ತಿದ್ದವರು. “ಅದು ತಪ್ಪಲ್ಲಮ್ಮ. ಕತ್ತಲಲ್ಲಿ ನುಗ್ಗಿದ ಕಳ್ಳ ಎಡವಿ ಬೀಳಲಿ ಅಂತ ಬೇಕಂತಲೇ ಹಾಗೆ ಕಟ್ಟಿರ್ತಾರೆ. ಮನೆಯವರ ಕಾಲಿಗೆ ಅದು ಗೊತ್ತಿರುತ್ತೆ.”

ಆ ಮೆಟ್ಟಿಲನ್ನು ಅವತ್ತೇ ಮತ್ತೆ ಎತ್ತರಿಸಿದೆ. ಸಮಾಧಾನ ಮಾತ್ರ ಆಗಿಲ್ಲ. ಇಷ್ಟು ವರ್ಷ ತಪ್ಪು ಅಂದುಕೊಂಡು ಇನ್ನೇನೇನು ಅಳಿಸಿದ್ದೇನೋ! ಈಗ ಹಳೇ ಫೈಲುಗಳನ್ನು ಒಂದೊಂದಾಗಿ ತೆರೆದು ಹುಡುಕುತ್ತಿದ್ದೇನೆ.