ನಾನು ಹತ್ತದ ಸ್ಟೀಮರ್

ದೇವರನ್ನು ನಂಬುವವಳಿಗೆ ಭೂತ-ಮಾಯೆಗಳನ್ನು ನಂಬುವ ಅಗತ್ಯವಿಲ್ಲ ಎಂದುಕೊಂಡವಳು ನಾನು. ಚಾಳಿನ ಹೆಂಗಸರು ಅಂಥ ಕಥೆ ಹೇಳಿದರೆ ನಗುತ್ತಿದ್ದೆ. ಈಗ ನಗುವುದಿಲ್ಲ. ನೀವು ನಂಬಲೇಬೇಕೆಂದೂ ಹೇಳುವುದಿಲ್ಲ.

ಆಗ ನಾವು ಮಾಟುಂಗದಲ್ಲಿದ್ದೆವು. ಮಗನಿಗೆ ಟೈಫಾಯಿಡ್ ಆದಾಗ, ಅವನು ಉಳಿದರೆ ಕಾರವಾರದ ನಮ್ಮ ಅಮ್ಮನವರ ಗುಡಿಗೆ ನನ್ನ ಕೈಯಾರೆ ಕಾಯಿ ಒಪ್ಪಿಸುತ್ತೇನೆಂದು ಹರಕೆ ಹೊತ್ತಿದ್ದೆ. ಅಮ್ಮ ಮಗನನ್ನು ಉಳಿಸಿದಳು. ಹಳದಿ ಬಟ್ಟೆಯಲ್ಲಿ ಕಾಯಿ ಕಟ್ಟಿ ಮುಡಿಪಿಟ್ಟೆ. ಮುಡಿಪಿನ ಕಾಯಿ ಗುಡಿ ಸೇರುವವರೆಗೆ ನೆಲ ಮುಟ್ಟಬಾರದು.

ಮಳೆಗಾಲಕ್ಕೆ ಮುಂಚಿನ ಕೊನೆಯ ಸ್ಟೀಮರಿಗೆ ನಾನು ಹೊರಡಬೇಕು ಎನ್ನುವಾಗ ಅತ್ತೆ ಚಾಳಿನ ಮೆಟ್ಟಿಲಲ್ಲಿ ಜಾರಿದರು. ಕಾಲು ಮುರಿಯಲಿಲ್ಲ, ಉಳುಕಿತು ಅಷ್ಟೆ. ಅದೂ ದೇವರ ದಯೆಯೇ. ಆದರೆ ಹಿರಿಸೊಸೆ ಮನೆಯಲ್ಲಿ ಉಳಿಯಲೇಬೇಕಾಯಿತು. ನನ್ನ ಜಾಗದಲ್ಲಿ ಓರಗಿತ್ತಿ ಶಾರದೆ ಗಂಡನೊಡನೆ ಹೊರಟಳು.

ಲೋಕಲ್ ಹಿಡಿದು ಬಂದರಿನ ಧಕ್ಕೆಯವರೆಗೆ ನಾನೇ ಕಾಯಿ ಒಯ್ದೆ. ಹೊಸ ಸೀರೆಯ ಶಾರದೆ ಮಡಿಲೊಡ್ಡಿ, "ಎಂತ ಅಕ್ಕ, ಕಾಯಿ ಬಿಡುದೇ ಇಲ್ವಾ? ನಾನೇನು ದಾರಿಯಲ್ಲಿ ಚಟ್ನಿ ಮಾಡಿ ತಿಂತೇನಾ?" ಎಂದು ನಕ್ಕಳು. ನಾನು ನಗದೆ ಕಾಯಿಯನ್ನು ಅವಳ ಮಡಿಲಿಗಿಟ್ಟೆ. ಸ್ಟೀಮರ್ ಕೂಗಿ ಸರಿಯಿತು. ಅವಳು ಕಟಕಟೆ ಹಿಡಿದು ಕೈಬೀಸಿದಳು. ನನ್ನ ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು. ಹರಕೆ ನನ್ನದು, ಮಗ ನನ್ನವನು, ಅಮ್ಮನ ಮುಖ ನೋಡುವವಳು ಇವಳು!

ಮರುದಿನ ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದೆ. ಒಮ್ಮೆಲೇ ಮಡಿಲು ಭಾರವಾಯಿತು. ಮೊರದ ಅಕ್ಕಿ ಕಣ್ಣಿಗೆ ಕಾಣಿಸಲಿಲ್ಲ. ಎಚ್ಚರವಾದಾಗ ಸೀರೆ ಮೊಣಕಾಲವರೆಗೆ ತೊಯ್ದಿತ್ತು. ನಲ್ಲಿ ಬೆಳಿಗ್ಗೆಯೇ ನಿಂತಿತ್ತು. ಮಂಚದಿಂದ ಅತ್ತೆ, "ಎಂತದು ಮಾರಾಯ್ತಿ, ಮೀನಿನ ಬುಟ್ಟಿ ಹೊತ್ತು ಬಂದವಳ ಹಾಗೆ ನಾರ್ತೀ!" ಎಂದರು. ಸೆರಗು ಬಾಯಿಗಿಟ್ಟು ನೋಡಿದೆ. ಉಪ್ಪು. ಸೆಕೆಗೆ ತಲೆ ತಿರುಗಿರಬೇಕು ಎಂದುಕೊಂಡು ಸೀರೆ ಬದಲಿಸಿದೆ.

ಮಳೆಗಾಲಕ್ಕೆ ಸ್ಟೀಮರ್ ನಿಂತುಹೋದ್ದರಿಂದ ಶಾರದೆ ಬಸ್ಸಿನಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದು, ರೈಲು ಹಿಡಿದು ಮರಳಿದಳು. ಒಳಗೆ ಬಂದವಳೇ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಸಿಟ್ಟಿದ್ರೆ ಬೈಬೇಕಿತ್ತು ಅಕ್ಕ. ಹಾಗೆ ಬಂದು ಹಾಗೆ ಹೋಗುದಾ?"

"ನಾನೆಲ್ಲಿಗೆ ಬಂದೆ?"

ಕಾರವಾರದಲ್ಲಿ ಸ್ಟೀಮರಿನಿಂದ ಚಿಕ್ಕ ದೋಣಿಗೆ ಇಳಿಯಬೇಕು. ಗಂಡ ಸಾಮಾನಿನೊಡನೆ ಹಿಂದಿನ ದೋಣಿಯಲ್ಲಿದ್ದನಂತೆ. ಅಲೆಗೆ ಇವಳಿಗೆ ವಾಂತಿಯಾಗಿ ಕಾಯಿ ಮಡಿಲಿನಿಂದ ಉರುಳಿತಂತೆ. "ನೆಲಕ್ಕೆ ಬಿತ್ತು ಅಂತ ಕಣ್ಣು ಮುಚ್ಚಿದೆ. ತೆರೆದು ನೋಡ್ತೇನೆ, ಎದುರು ನೀವು! ಕಾಯಿ ನಿಮ್ಮ ಮಡಿಲಲ್ಲಿ. ಮಾತಾಡಿಸಿದ್ರೆ ಮಾತಿಲ್ಲ. ದಡಕ್ಕಿಳಿದ್ರೆ ನೀವೂ ಇಲ್ಲ, ಕಾಯಿಯೂ ಇಲ್ಲ. ಗುಡಿಗೆ ಓಡಿದೆ. ಅಮ್ಮನ ಎದುರು ಹಳದಿ ಬಟ್ಟೆಯ ಕಾಯಿ ಇತ್ತು. ಒಬ್ಬಳು ಒದ್ದೆ ಸೀರೆಯಲ್ಲಿ ಬಂದು ಇಟ್ಟು, ತುಂಬ ಹೊತ್ತು ಅಮ್ಮನನ್ನೇ ನೋಡ್ತಾ ನಿಂತಿದ್ದಳು ಅಂತ ಭಟ್ಟರು ಹೇಳಿದ್ರು."

ಮೈದುನ ಮಾತ್ರ ತಾನು ಯಾರನ್ನೂ ಕಾಣಲಿಲ್ಲ ಎಂದ. ನಾನು ಒಗೆಯದೆ ಒಣಗಿಸಿ ಮಡಿಸಿಟ್ಟಿದ್ದ ಅಂದಿನ ಸೀರೆ ತೆಗೆದು ಕೊಡವಿದೆ. ಅಂಚಿನಿಂದ ಮರಳು ಉದುರಿತು.

ಹರಕೆ ಸಂದಿತೆಂದು ಕೈಮುಗಿಯುತ್ತೇನೆ. ಶಾರದೆಯ ಮೇಲಿನ ಹೊಟ್ಟೆಕಿಚ್ಚು ಅಂದೇ ಆರಿತು. ಆದರೆ ಒದ್ದೆ ಸೀರೆಯಲ್ಲಿ ನಿಂತು ಅಮ್ಮನನ್ನು ಕಣ್ತುಂಬ ನೋಡಿದಳಲ್ಲ, ಅವಳು ಯಾರೋ ನನಗೆ ಇಂದಿಗೂ ತಿಳಿಯದು. ನಾನೇ ಆಗಿದ್ದರೆ, ಆ ಮುಖ ನನಗೇಕೆ ನೆನಪಿಲ್ಲ? ಅವಳನ್ನು ನೆನೆದಾಗಲೆಲ್ಲ ಆ ಕೆಂಡ ಮತ್ತೆ ಹೊಟ್ಟೆಯೊಳಗೆ ಕೆರಳುತ್ತದೆ.