ಎರಡು ಜೊತೆ ಬ್ರೇಕ್ ಪ್ಯಾಡ್

ಕ್ಲಬ್ ರೇಸಿನಲ್ಲಿ ನಾನು ಕಾರು ಓಡಿಸಿ ಬಂದರೆ ಅದನ್ನು ನೋಡಿಕೊಳ್ಳುತ್ತಿದ್ದ ಬೋಗಾದಿಯ ಮೆಕ್ಯಾನಿಕ್ ಎಷ್ಟನೆಯವನಾಗಿ ಬಂದೆ ಎಂದು ಕೇಳುತ್ತಿರಲಿಲ್ಲ. ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಲೆಯ ಮೇಲಿನ ಸಾರು ಸೀದಿದೆಯೇನೋ ಎಂಬಂತೆ ಬ್ರೇಕನ್ನು ಮೂಸುತ್ತಿದ್ದರು. “ಓಡ್ಸೋದು ಎಲ್ರಿಗೂ ಬತ್ತದೆ ಸಾರ್. ನಿಲ್ಸೋದ್ ಹೇಳಿ” ಎನ್ನುವುದು ಅವರ ಮಾತು.

ನನ್ನ ಕಾರಿಗೆ ಅವರು ಎರಡು ಜೊತೆ ಬ್ರೇಕ್ ಪ್ಯಾಡ್ ಆರಿಸಿಟ್ಟಿದ್ದರು. ರೇಸಿನವು ಚೆನ್ನಾಗಿ ಕಾದರೆ ಮಾತ್ರ ಹಿಡಿಯುತ್ತವೆ. ರಸ್ತೆಯವು ತಣ್ಣಗಿದ್ದರೂ ಹಿಡಿಯುತ್ತವೆ, ಆದರೆ ಟ್ರ್ಯಾಕಿನಲ್ಲಿ ನಾಲ್ಕು ಸುತ್ತಿಗೇ ಸೋಲುತ್ತವೆ. ಹಾಗಾಗಿ ನನ್ನ ಜೊತೆಗೇ ಬಂದು, ಅಲ್ಲಿ ರೇಸಿನವನ್ನು ಹಾಕಿ, ಮನೆಗೆ ಹೊರಡುವ ಮೊದಲು ತಪ್ಪದೆ ಬದಲಾಯಿಸುತ್ತಿದ್ದರು.

ಮೊದಲ ಕಪ್ ಗೆದ್ದ ದಿನ ನನಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇರಲಿಲ್ಲ. “ಇವತ್ತೊಂದಿನ ಹಂಗೇ ಹೋಗ್ಬುಡೋಣ ಬನ್ನಿ” ಎಂದೆ.

ಅವರು ಕಾರಿನ ಕೀ ತೆಗೆದು ಜೇಬಿಗಿಳಿಸಿ, ಜಾಕ್ ಹಾಕಿದರು. “ಕಪ್ಪು ನಿಮ್ದು ಸಾರ್. ರೋಡು ಎಲ್ಲಾರ್ದೂ.”

ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಓಡಿಸಿದೆ. ಪಕ್ಕದ ಸೀಟಿನಲ್ಲಿ ಅವರು ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದರು. ಬೋಗಾದಿಯ ಹತ್ತಿರ ಸ್ಕೂಟರೊಂದು ಅಡ್ಡ ನುಗ್ಗಿತು. ಅದರ ಮುಂಭಾಗದಲ್ಲಿ ಹ್ಯಾಂಡಲ್ ಹಿಡಿದು ಪುಟ್ಟ ಮಗು ನಿಂತಿತ್ತು. ಬ್ರೇಕ್ ತುಳಿದೆ. ಕಾರು ಮೊಳದಷ್ಟು ಈಚೆಗೇ ನಿಂತಿತು. ಸ್ಕೂಟರು ಹೊರಟುಹೋದ ಮೇಲೂ ನಾನು ಪೆಡಲಿನಿಂದ ಕಾಲು ತೆಗೆಯಲಿಲ್ಲ.

ಏನಾದರೂ ಹೇಳಬೇಕೆಂದು ಅವರತ್ತ ತಿರುಗಿದೆ.

“ನಿಂತ್ಕೊಂತಲ್ಲ ಸಾರ್” ಎಂದರು, ಕಣ್ಣು ಬಿಡದೆಯೇ. ಜಾರಿದ್ದ ಕಪ್ಪನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಮತ್ತೆ ಗೊರಕೆ ಹೊಡೆಯತೊಡಗಿದರು.